ಇಪ್ಪತ್ತನಾಲ್ಕು ಬೋಲ್ಟುಗಳು

ಜೂನ್ 9, ಸೋಮವಾರ

ಇನ್ನು ಮುಂದೆ ಈ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಯುವುದು. ಹಾಸ್ಟೆಲಿನ ರೂಮ್‌ಮೇಟ್ ನನ್ನ ಇಂಗ್ಲಿಷ್ ಡೈರಿ ತೆರೆದು ಓದಿ, ಮೆಸ್ಸಿನಲ್ಲಿ ನಾಲ್ಕು ಜನರ ಮುಂದೆ ನಕ್ಕಿದ್ದು ಸಾಕು. ಹೊಸೂರಿನ ಅತ್ತೆ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದದ್ದು, ಆಮೇಲೆ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು. ಸೇಲಂನ ಈ ಕ್ಯಾಂಪಸ್ಸಿನಲ್ಲಿ ಈ ಅಕ್ಷರ ಓದಬಲ್ಲವರು ಒಬ್ಬರೂ ಇಲ್ಲ. ಯಾರನ್ನು ಬೇಕಾದರೂ ಬೈಯಬಹುದು.

ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಪಿಎಚ್.ಡಿ.ಗೆಂದು ಮೂರು ವರ್ಷ ಈ ಲ್ಯಾಬಿನಲ್ಲಿ ಸವೆಸಿದರೂ ಕೈಗೆ ಏನೂ ಬಂದಿಲ್ಲ. ಆಗಸ್ಟ್ ಕೊನೆಗೆ ಪರಿಶೀಲನಾ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಒಂದು ಚಿತ್ರ, ಒಂದೇ ಒಂದು ಸರಿಯಾದ ಚಿತ್ರ ತೋರಿಸದಿದ್ದರೆ ಫೆಲೋಶಿಪ್ ಮುಂದುವರಿಯುವುದಿಲ್ಲ ಎಂದು ನಮ್ಮ ಗೈಡ್ ಕಲೈಸೆಲ್ವಿ ಮೇಡಂ ನಗುನಗುತ್ತಲೇ ಹೇಳಿದ್ದಾರೆ. ಆ ಚಿತ್ರ ಏನೆಂದು ಅವ್ವನಿಗೆ ತಿಳಿಯುವ ಹಾಗೆ ಇಲ್ಲಿ ಬರೆದುಕೊಂಡರೆ ನನಗೂ ಸ್ವಲ್ಪ ಧೈರ್ಯ. ರುಬಿಡಿಯಂ ಪರಮಾಣುಗಳನ್ನು ಇನ್ನಿಲ್ಲದಷ್ಟು ತಣ್ಣಗೆ ಮಾಡುವುದು, ಉಳಿದ ಬಿಸಿ ಒಂದು ಡಿಗ್ರಿಯ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆಮೇಲೆ ಲೇಸರ್ ಬೆಳಕಿನಿಂದಲೇ ಚದುರಂಗದ ಹಾಸಿನಂತೆ ಮನೆಗಳನ್ನು ಮಾಡಿ ಅವನ್ನು ಕೂರಿಸುವುದು. ಪರಮಾಣು ಒಂದೇ, ಸ್ಥಿತಿ ಎರಡು. ಮೇಲ್ಮುಖ, ಕೆಳಮುಖ ಎಂದುಕೊಳ್ಳೋಣ. ಎಲ್ಲ ಸರಿಯಿದ್ದರೆ ಕಪ್ಪು ಬಿಳಿ ಮನೆಗಳಂತೆ ಒಂದು ಬಿಟ್ಟು ಒಂದು ಕೂರುತ್ತವೆ. ಕೆಲವು ವಸ್ತುಗಳೊಳಗೆ ಎಲೆಕ್ಟ್ರಾನುಗಳು ಕೂರುವುದೂ ಹೀಗೆಯೇ. ಅಲ್ಲಿ ಕಣ್ಣಿಗೆ ಸಿಗದ್ದನ್ನು ಇಲ್ಲಿ ಆಡಿಸಿ ನೋಡುವುದು.

ಎರಡನೆಯ ಬೈಗುಳ ಫಿಟ್ಟರ್‌ಗೆ. ಏಪ್ರಿಲ್‌ನಲ್ಲಿ ಗುತ್ತಿಗೆಯ ಮೇಲೆ ವರ್ಕ್‌ಶಾಪಿಗೆ ಬಂದವನು, ತೊಪ್ಪೂರು ಘಾಟಿಯ ಮೇಲ್ಗಡೆ ಯಾವುದೋ ಹಳ್ಳಿ, ಐವತ್ತರ ಮೇಲೆ ವಯಸ್ಸು. ನಾನು ಅವ್ವನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವುದು ಒಂದು ದಿನ ಅವನ ಕಿವಿಗೆ ಬಿತ್ತು. ಅವತ್ತಿನಿಂದ ಎಲ್ಲರೆದುರು, ಲ್ಯಾಬಿನ ಈ ಬಾಗಿಲಿನಿಂದ ಆ ಬಾಗಿಲಿಗೆ ಕೇಳಿಸುವ ಹಾಗೆ, "ಏನಮ್ಮಿ, ಉಂಡಾ?" ಇಷ್ಟು ದಿನ ನಾನು ಹರೂರಿನ ತಮಿಳು ಹುಡುಗಿ ಎಂದುಕೊಂಡಿದ್ದ ಜೂನಿಯರ್ ರಾಜ್‌ಕುಮಾರ್ ಈಗ ನನ್ನ ಮುಖ ನೋಡಿದಾಗಲೆಲ್ಲ "ಉಂಡಾ?" ಎಂದು ಅಣಕಿಸುತ್ತಾನೆ. ನಾನು ಫಿಟ್ಟರ್‌ಗೆ ತಮಿಳಿನಲ್ಲೇ ಉತ್ತರ ಕೊಡುತ್ತೇನೆ. ಆ ಸೂಚನೆಯೂ ಅವನಿಗೆ ಅರ್ಥವಾಗುವುದಿಲ್ಲ.

ಜೂನ್ 12, ಗುರುವಾರ

ಬ್ರಾಕೆಟ್‌ಗಳು ತಯಾರಾಗಿ ಬಂದವು. ಪರಮಾಣು ಇರುವ ಗಾಜಿನ ಪೆಟ್ಟಿಗೆಯ ಎರಡು ಬದಿಗೂ ತಂತಿಯ ಸುರುಳಿ ಹಿಡಿದು ನಿಲ್ಲಿಸುವ ಚೌಕಟ್ಟು, ಒಂದೊಂದಕ್ಕೆ ಹನ್ನೆರಡು ಬೋಲ್ಟು. ಅಯಸ್ಕಾಂತಕ್ಕೆ ಒಲಿಯದ ಟೈಟಾನಿಯಂ ಬೋಲ್ಟು ಕೇಳಿದ್ದೆ, ಬರಲು ನಾಲ್ಕು ತಿಂಗಳು ಎಂದರು. ಕೊನೆಗೆ ಫಿಟ್ಟರೇ ಪೇಟೆಯಿಂದ ಮೂವತ್ತು ಎವರ್‌ಸಿಲ್ವರ್ ಬೋಲ್ಟಿನ ಡಬ್ಬ ತಂದ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಈ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲರಿಗೂ ಅದು ಎವರ್‌ಸಿಲ್ವರ್.

ನಾನು ಯಾರನ್ನೂ ನಂಬುವವಳಲ್ಲ. ಅವ್ವ ಪಾತ್ರೆ ಅಂಗಡಿಗೆ ಹೋಗುವಾಗ, ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತದ ಬಿಲ್ಲೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಹೋಗುವುದು. ತಟ್ಟೆಗೆ ಅಂಟಿದರೆ ಕಬ್ಬಿಣ ಬೆರೆತ ಮಾಲು, ಅಂಟದಿದ್ದರೆ ಒಳ್ಳೆಯದು. ನಾನು ಹಾಸ್ಟೆಲಿಗೆ ಬರುವಾಗ ಆ ಬಿಲ್ಲೆಯನ್ನು ನನಗೇ ಕೊಟ್ಟಿದ್ದಳು. ಇವತ್ತು ಇಪ್ಪತ್ತನಾಲ್ಕು ಬೋಲ್ಟುಗಳನ್ನೂ ಒಂದೊಂದಾಗಿ ಆ ಬಿಲ್ಲೆಯ ಮೇಲೆ ತಲೆಯಿಂದ ತುದಿಯವರೆಗೆ ಎರಡೆರಡು ಸಲ ಎಳೆದು ನೋಡಿದೆ. ಒಂದೂ ಅಂಟಲಿಲ್ಲ. ಥ್ರೆಡ್ ಇರುವ ತುದಿಯನ್ನು ಮಾತ್ರ ಕೊಂಚ ಜಗ್ಗಿದ ಹಾಗೆ ಅನ್ನಿಸಿತು, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಉಳಿದ ಆರನ್ನು ಮುಟ್ಟದೆ ಡಬ್ಬದಲ್ಲೇ ಬಿಟ್ಟೆ.

ಟಾರ್ಚ್ ಹಿಡಿದು ನಿಂತಿದ್ದ ಫಿಟ್ಟರ್, ತಮ್ಮ ಮನೆಯಲ್ಲೂ ಹೀಗೇ ನೋಡುವುದು ಎಂದು ಹಲ್ಲು ಕಿರಿದ. ಅವನ ಮನೆಗೂ ನನ್ನ ಮನೆಗೂ ನಂಟು ಕಟ್ಟುವ ಆತುರ. ಗ್ರೀಸು, ಎಲೆ ಅಡಿಕೆ, ಬಸ್ಸಿನ ಬೆವರು ಮೂರೂ ಸೇರಿದ ವಾಸನೆ ಅವನದು. ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿವೆ. ಎಂಟು ಬೆರಳಿನಲ್ಲೇ ಇಷ್ಟು ಕೆಡಿಸುವವನು ಹತ್ತೂ ಇದ್ದಿದ್ದರೆ ಲ್ಯಾಬನ್ನೇ ಮಾರಿಬಿಡುತ್ತಿದ್ದ. ಮೇಡಂ ಬಾಗಿಲಲ್ಲಿ ಇಣುಕಿ, ಆಯಿತಾ ಎಂದು ಕೇಳಿ ಹೋದರು. ಇವರಿಗೆ ಪರಮಾಣು ತಣ್ಣಗಾಗುವುದಕ್ಕಿಂತ ಡೆಲ್ಲಿಯಿಂದ ಬಂದವರ ಕಾಫಿ ಬಿಸಿಯಾಗಿರುವುದು ಮುಖ್ಯ. ಬೇರೆಯವರ ದುಡಿಮೆಯ ಮೇಲೆ ತಮ್ಮ ಹೆಸರು ಬರೆದುಕೊಳ್ಳುವುದರಲ್ಲಿ ಇವರನ್ನು ಮೀರಿಸುವವರು ಹುಟ್ಟಿಲ್ಲ.

ಲಾಗ್‌ಬುಕ್‌ನಲ್ಲಿ "ಬೋಲ್ಟು 24, ನೋಡಿದೆ, ಸರಿ ಇವೆ" ಎಂದಷ್ಟೇ ಬರೆದೆ. ಅವ್ವನ ಬಿಲ್ಲೆಯ ವಿಷಯ ಬರೆಯಲು ನಾಚಿಕೆಯಾಯಿತು. ಅದನ್ನು ಓದಿ ರಾಜ್‌ಕುಮಾರ್ ನಗುವುದು ಬೇಡ.

ಜೂನ್ 27, ಶುಕ್ರವಾರ

ಎರಡು ವಾರ ಕನ್ನಡಿ ತಿರುಗಿಸಿ, ಲೇಸರ್ ಜೋಡಿಸಿ, ಇವತ್ತು ಮೊದಲ ಚಿತ್ರ ತೆಗೆದೆವು. ಚದುರಂಗದ ಹಾಸೂ ಇಲ್ಲ, ಮಣ್ಣೂ ಇಲ್ಲ. ಮೇಲ್ಮುಖದವೆಲ್ಲ ಎಡಗಡೆಗೆ, ಕೆಳಮುಖದವೆಲ್ಲ ಬಲಗಡೆಗೆ. ಮದುವೆಮನೆಯಲ್ಲಿ ಮಾತು ಬಿಟ್ಟ ಎರಡು ಕಡೆಯವರ ಹಾಗೆ ಸರಿದು ಕೂತಿವೆ. ಅವನ್ನು ಏನೋ ಎಳೆಯುತ್ತಿದೆ. ಎಲ್ಲಿಂದಲೋ ಅಯಸ್ಕಾಂತದ ಸೆಳೆತ ಒಳಗೆ ಬರುತ್ತಿದೆ, ಅದೂ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ.

ಮೇಡಂ ಚಿತ್ರ ನೋಡಿ, ಸಮಿತಿಯ ತಾರೀಖನ್ನು ನಗುನಗುತ್ತಾ ನೆನಪಿಸಿ ಹೋದರು. ಅವರು ನಕ್ಕರೆ ನನಗೆ ಊಟ ಸೇರುವುದಿಲ್ಲ.

ಜುಲೈ 2, ಬುಧವಾರ

ಅದೇ.

ಜುಲೈ 8, ಮಂಗಳವಾರ

ಕಳ್ಳ ಸಿಕ್ಕಿದ. ಅಳತೆಯ ಸಾಧನವನ್ನು ಗಾಜಿನ ಪೆಟ್ಟಿಗೆಯ ಸುತ್ತ ಒಂದೊಂದು ಬೆರಳಿನಷ್ಟು ಸರಿಸುತ್ತಾ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ನೋಡಿದೆ. ಸೆಳೆತ ಬರುತ್ತಿರುವುದು ಬೋಲ್ಟುಗಳಿಂದ. ಅಂದರೆ ಫಿಟ್ಟರಿನಿಂದ. ಬೋಲ್ಟು ತಂದವನು ಅವನು, ಬಿಗಿದವನು ಅವನು, ಅವನ ಜೇಬಿನಲ್ಲಿರುವ ಸ್ಕ್ರೂಡ್ರೈವರಿನ ತುದಿಯಲ್ಲಿ ಅಯಸ್ಕಾಂತ ಇರುವುದನ್ನು ನಾನೇ ನೋಡಿದ್ದೇನೆ.

ಕೇಳಿದ್ದಕ್ಕೆ, ಲೇಸರ್ ಟೇಬಲ್ಲಿನ ಹತ್ತಿರ ಅದನ್ನು ತಂದೇ ಇಲ್ಲ, ಬೋಲ್ಟು ಬಿಗಿದದ್ದು ಹಿತ್ತಾಳೆಯ ಸ್ಪ್ಯಾನರಿನಲ್ಲಿ, ಬೇಕಾದರೆ ಡಬ್ಬದ ಮೇಲಿನ ಕಂಪನಿ ಹೆಸರು ನೋಡು ಎಂದ. ನಾನು ಅವನೊಂದಿಗೆ ವಾದಕ್ಕೆ ನಿಲ್ಲಲಿಲ್ಲ. ಎರಡು ಪುಟದ ದೂರು ಟೈಪ್ ಮಾಡಿ ಮೇಡಂಗೆ ಕೊಟ್ಟೆ. ಇಷ್ಟು ದಿನದಲ್ಲಿ ನಾನು ತಪ್ಪಿಲ್ಲದೆ ಮುಗಿಸಿದ ಕೆಲಸ ಅದೊಂದೇ.

ಜುಲೈ 14, ಸೋಮವಾರ

ಶನಿವಾರ ಧರ್ಮಪುರಿಯಲ್ಲಿ ಅವ್ವನ ಕಣ್ಣು ತೋರಿಸಿ, ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಇವತ್ತು ಬೆಳಗ್ಗೆ ಸೇಲಂ ಬಸ್ಸು ಹತ್ತಿದೆ. ನನ್ನ ಅದೃಷ್ಟ ನೋಡಿ, ಘಾಟಿ ಇಳಿಯುವ ಮುಂಚಿನ ಸ್ಟಾಪಿನಲ್ಲಿ ಫಿಟ್ಟರ್ ಹತ್ತಿದ. ಖಾಲಿ ಇದ್ದ ಸೀಟು ನನ್ನ ಪಕ್ಕದ್ದೊಂದೇ. ಐದು ನಿಮಿಷಕ್ಕೆ ಬಸ್ಸು ನಿಂತಿತು. ಇಳಿಜಾರಿನಲ್ಲಿ ಟೈಲ್ಸ್ ತುಂಬಿದ ಲಾರಿ ಬ್ರೇಕ್ ಹಿಡಿಯದೆ ಅಡ್ಡ ಮಲಗಿತ್ತು. ಕ್ರೇನ್ ಬರುವವರೆಗೆ ಎರಡು ಗಂಟೆ ಅಲ್ಲೇ.

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವನು ಬಿಡಲಿಲ್ಲ. ಆ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಬೆಲೆಬಾಳುವಂಥದ್ದು ಏನಿದೆ ಎಂದು ಕೇಳಿದ. ತಮಿಳಿನಲ್ಲಿ ಹೇಳಿದರೆ ಬಸ್ಸಿನವರೆಲ್ಲ ಕೇಳಿಸಿಕೊಳ್ಳುತ್ತಾರೆಂದು ಕನ್ನಡದಲ್ಲೇ ಹೇಳಬೇಕಾಯಿತು. ನೂರು ಎಲೆಕ್ಟ್ರಾನ್ ಒಂದನ್ನೊಂದು ತಳ್ಳಾಡುತ್ತಾ ಹೇಗೆ ಕೂರುತ್ತವೆ ಎಂಬ ಲೆಕ್ಕವನ್ನು ಪ್ರಪಂಚದ ಯಾವ ಕಂಪ್ಯೂಟರೂ ಪೂರ್ತಿ ಮಾಡಲಾರದು, ಅದಕ್ಕೇ ಪರಮಾಣುಗಳಿಗೆ ಎಲೆಕ್ಟ್ರಾನಿನ ವೇಷ ಹಾಕಿಸಿ ಕೂರಿಸುತ್ತೇವೆ, ಲೆಕ್ಕವನ್ನು ಅವೇ ಮಾಡಿ ತೋರಿಸುತ್ತವೆ ಎಂದೆ. ತಾನೂ ಹಿಂದೆ ಮನೆಗಳಿಗೆ ಕಬ್ಬಿಣದ ಗೇಟು ಮಾಡುವಾಗ, ಕತ್ತರಿಸುವ ಮುಂಚೆ ರಟ್ಟಿನಲ್ಲಿ ಮಾಡಿ ನೋಡುತ್ತಿದ್ದೆ ಎಂದ. ಆಮೇಲೆ ಕೇಳಿದ:

"ಅಲ್ಲಮ್ಮಿ, ಲೆಕ್ಕ ಯಾರ್ ಕೈಲೂ ಆಗಾಕಿಲ್ಲ ಅಂತೀಯ. ಮತ್ತೆ ನಿನ್ ಪರಮಾಣು ಮಾಡಿದ್ ಲೆಕ್ಕ ಸರಿಯಾ ತಪ್ಪಾ ಅಂತ ಯಾವುದ್ರ ಜತೆ ಒತ್ತಿಟ್ ನೋಡ್ತೀರಾ? ರಟ್ಟಾದ್ರೆ ಗೇಟಿಗೆ ಇಡ್ದು ನೋಡ್ಬೋದು. ಇದಕ್ಕೆ ಗೇಟೇ ಇಲ್ವಲ್ಲಾ."

ಫಿಟ್ಟರ್ ಕೇಳುವ ಪ್ರಶ್ನೆ. ಮೊದಲು ಸಣ್ಣ ಲೆಕ್ಕ ಮಾಡಿ ತಾಳೆ ನೋಡುತ್ತೇವೆ ಎಂದೆ. ಸಣ್ಣದು ಸರಿಯಾದರೆ ದೊಡ್ಡದೂ ಸರಿ ಅಂತ ಯಾರು ಹೇಳಿದರು ಎಂದ. ತಲೆನೋವು ಎಂದು ಕಣ್ಣು ಮುಚ್ಚಿಕೊಂಡೆ. ಬೆರಳು ಹೋದದ್ದು ತಗಡು ಒತ್ತುವ ಪ್ರೆಸ್ಸಿನಲ್ಲಂತೆ, ಆಮೇಲೆ ಯಾವ ಕಂಪನಿಯೂ ಲೇತ್ ಯಂತ್ರ ಮುಟ್ಟಗೊಡಲಿಲ್ಲವಂತೆ, ನಮ್ಮ ವರ್ಕ್‌ಶಾಪಿನವರೊಬ್ಬರೇ ಕೊಟ್ಟದ್ದಂತೆ. ಕೇಳದಿದ್ದರೂ ಹೇಳಿದ. ಒಂದು ಪೇರಲೆಹಣ್ಣು ಕೊಟ್ಟ. ತಿಂದೆ, ಹಸಿವಾಗಿತ್ತು.

ಜುಲೈ 23, ಬುಧವಾರ

ಮೇಡಂ ತೀರ್ಮಾನ ಮಾಡಿದ್ದಾರೆ. ಫಿಟ್ಟರ್ ಪಳನಿಯ ಗುತ್ತಿಗೆಯನ್ನು ಆಗಸ್ಟ್ ಒಂದರಿಂದ ಮುಂದುವರಿಸುವುದಿಲ್ಲ. 31ರಂದು ಮಧ್ಯಾಹ್ನ ಮೂರಕ್ಕೆ ಆದೇಶಕ್ಕೆ ಸಹಿ. ಅದಕ್ಕೆ ಆಧಾರ ನನ್ನ ದೂರು. ಕೆಳಗೆ ಇನ್ನೊಂದು ಸಹಿ ಹಾಕು ಎಂದರು, ಹಾಕಿದೆ.

ನನಗೆ ಬೇಸರವೇನೂ ಇಲ್ಲ. ಕೆಲಸ ಕೆಡಿಸಿದವರು ಹೋಗಬೇಕು. ನನ್ನ ಒಂದೂವರೆ ತಿಂಗಳು ಯಾರು ಕೊಡುತ್ತಾರೆ? ಲೇತ್ ಇನ್ನೊಂದು ಕಡೆ ಸಿಗದೇ ಹೋದರೆ ಗೇಟು ಮಾಡಿಕೊಂಡಿರಲಿ. ಐವತ್ತು ವರ್ಷ ಬದುಕಿದವನಿಗೆ ನಾನು ದಾರಿ ತೋರಿಸಬೇಕಾಗಿಲ್ಲ. ಕ್ಯಾಂಟೀನಿನಲ್ಲಿ ಎದುರಿಗೆ ಸಿಕ್ಕಿದಾಗ ಇವತ್ತು "ಉಂಡಾ" ಎಂದು ಕೇಳಲಿಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ. ಕೇಳದಿದ್ದುದು ಚೆನ್ನಾಗಿಯೇ ಇತ್ತು. ಮೂರು ಸಲ ಎದುರಾದರೂ ಕೇಳಲಿಲ್ಲ.

ಜುಲೈ 28, ಸೋಮವಾರ

ಹೋಗುವ ಮುಂಚೆ ಒಂದು ಸಲ ಬೋಲ್ಟು ನೋಡುತ್ತೇನೆಂದು ಮೇಡಂ ಹತ್ತಿರ ಒಪ್ಪಿಗೆ ಪಡೆದು ಪಳನಿ ಎರಡು ಬೋಲ್ಟು ಬಿಚ್ಚಿಕೊಂಡು ಹೋದರು. ಅರ್ಧ ಗಂಟೆಯಲ್ಲಿ ನನ್ನನ್ನು ವರ್ಕ್‌ಶಾಪಿಗೆ ಕರೆಸಿದರು. ಹೋಗಬಾರದೆಂದುಕೊಂಡೇ ಹೋದೆ.

ಡ್ರಿಲ್ಲಿನ ಕೆಳಗಿನ ತಟ್ಟೆಯಲ್ಲಿ ನುಣ್ಣನೆಯ ಕಬ್ಬಿಣದ ಪುಡಿ ಇತ್ತು. ಬಿಚ್ಚಿದ ಬೋಲ್ಟನ್ನು ಅದರಲ್ಲಿ ಅದ್ದಿ ಎತ್ತಿದರು. ಥ್ರೆಡ್ಡಿನ ತುದಿಗೆ ಪುಡಿ ಮೀಸೆಯ ಹಾಗೆ ಅಂಟಿಕೊಂಡು ಬಂತು. ಆಮೇಲೆ ಡಬ್ಬದಲ್ಲಿ ಉಳಿದಿದ್ದ ಆರರಲ್ಲಿ ಒಂದನ್ನು ಅದ್ದಿದರು. ಏನೂ ಅಂಟಲಿಲ್ಲ. ಆರನ್ನೂ ಅದ್ದಿದರು, ಆರೂ ಬರಿದೇ ಬಂದವು. ಒಂದೇ ಡಬ್ಬ, ಒಂದೇ ಕಂಪನಿ, ಒಂದೇ ಮಾಲು.

ಅವರು ವಿವರಿಸಬೇಕಾಗಿರಲಿಲ್ಲ. ಥ್ರೆಡ್ ಮೂಡಿಸಲು ಸ್ಟೀಲನ್ನು ಒತ್ತಿ ಉರುಳಿಸುತ್ತಾರೆ, ಹಾಗೆ ಒತ್ತಿದ ಜಾಗದಲ್ಲಿ ಅದರ ಗುಣ ಸ್ವಲ್ಪ ಬದಲಾಗಿ ಅಯಸ್ಕಾಂತಕ್ಕೆ ಒಲಿಯುತ್ತದೆ. ಇದನ್ನು ನಾನೇ ಮೊದಲ ವರ್ಷದವರಿಗೆ ಪಾಠ ಮಾಡಿದ್ದೇನೆ. ತಾನಾಗಿ ಅದು ಏನೂ ಮಾಡದು. ಯಾರಾದರೂ ಅಯಸ್ಕಾಂತದ ಮೇಲೆ ಅದನ್ನು ಉಜ್ಜಿದರೆ ತಾನೂ ಸಣ್ಣ ಅಯಸ್ಕಾಂತವಾಗಿ ಉಳಿಯುತ್ತದೆ.

ಪಳನಿ ಪುಡಿಯನ್ನು ಬಟ್ಟೆಯಿಂದ ಒರೆಸುತ್ತಾ ಹೇಳಿದರು: "ಅವತ್ತು ನಿನ್ ಕೈಲಿ ಕರೀ ಬಿಲ್ಲೆ ಇತ್ತು. ನಾನೂ ಪಕ್ಕದಾಗೇ ನಿಂತ್ ನೋಡ್ದೆ, ಒಳ್ಳೇ ಬುದ್ಧಿ ಅಂದ್ಕೊಂಡೆ. ಇಬ್ರಿಗೂ ಒಳೀಲಿಲ್ಲ."

ಮೇಡಂಗೆ ಹೇಳುತ್ತೀರಾ ಎಂದು ಕೇಳಿದೆ. ಕೇಳಿದ್ದು ಕನ್ನಡದಲ್ಲಿ.

"ನಾನ್ ಏಳಿದ್ರೆ 'ಕೆಲ್ಸ ಉಳಿಸ್ಕೊಳ್ಳಾಕೆ ಸುಳ್ಳು ಏಳ್ತಾನೆ' ಅಂತಾರೆ. ನೀನ್ ಏಳ್ಬೇಕು. ಇಲ್ಲಾಂದ್ರೆ ಬಿಡು."

ಅಷ್ಟೇ. ಬೋಲ್ಟುಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಲೇತಿನ ಕಡೆ ತಿರುಗಿದರು. ಎರಡು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಇದೂ ಒಂದು ಬಗೆಯ ಸೊಕ್ಕು.

ಜುಲೈ 29, ಮಂಗಳವಾರ

ಹೇಳಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಸುಳ್ಳು ದೂರು ಕೊಟ್ಟವಳು, ಅದಕ್ಕೆ ಎರಡು ಸಲ ಸಹಿ ಹಾಕಿದವಳು. ನನ್ನ ಪ್ರಯೋಗದ ಟೇಬಲ್ಲನ್ನು ರಾಜ್‌ಕುಮಾರ್‌ಗೆ ಕೊಡುತ್ತಾರೆ. ಆಗಸ್ಟಿಗೆ ಚಿತ್ರವಿಲ್ಲ, ಫೆಲೋಶಿಪ್ ಇಲ್ಲ. ಹೇಳದಿದ್ದರೆ, ಬೋಲ್ಟು ಕೆಟ್ಟಿದ್ದವು ಎಂದು ಬದಲಾಯಿಸಿ ಹದಿನೈದು ದಿನದಲ್ಲಿ ಚಿತ್ರ ತೆಗೆಯಬಹುದು. ಬೆಳಗ್ಗೆಯಿಂದ ಇದನ್ನೇ ಮಗುಚಿ ಹಾಕುತ್ತಿದ್ದೇನೆ.

ಅವ್ವ ಫೋನ್ ಮಾಡಿದ್ದಳು. ಈ ಶ್ರಾವಣದಲ್ಲಿ ಚಿಕ್ಕಮ್ಮನ ಮಗಳು ಸಂಗೀತಾಳ ಮದುವೆ, ಪಾತ್ರೆ ಕೊಳ್ಳಬೇಕು, ಬಿಲ್ಲೆ ಕಳಿಸು ಎಂದಳು. ಆ ಬಿಲ್ಲೆಯ ಮನೆ ಹಾಳಾಗಲಿ ಎಂದು ರೇಗಿದೆ. ಆಯ್ತು ಬಿಡು ಎಂದು ಅವ್ವ ಫೋನ್ ಇಟ್ಟಳು. ಪಾಪ, ಅವಳಿಗೇನು ಗೊತ್ತು.

ಜುಲೈ 30, ಬುಧವಾರ

ಇವತ್ತು ಬರೆಯುವುದೇನೂ ಇಲ್ಲ.

ಆಗಸ್ಟ್ 1, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಈ ಪುಸ್ತಕ ನನ್ನ ಕೈಯಲ್ಲಿರಲಿಲ್ಲ, ಮೇಡಂ ಮೇಜಿನ ಮೇಲಿತ್ತು.

ಎರಡೂವರೆಗೆ ಅವರ ರೂಮಿಗೆ ಹೋಗಿ, ಅಯಸ್ಕಾಂತದ ಬಿಲ್ಲೆಯ ಮೇಲೆ ಉಜ್ಜಿ ಬೋಲ್ಟು ಕೆಡಿಸಿದ್ದು ನಾನು, ಪಳನಿಯಣ್ಣ ಅಲ್ಲ ಎಂದೆ. ಮೇಡಂ ಕನ್ನಡಕ ತೆಗೆದು ನೋಡಿದರು. ಕಾಗದದ ಪೊಟ್ಟಣ ಬಿಚ್ಚಿ ತೋರಿಸಿದೆ. ಅದು ಅವನ ಸ್ಕ್ರೂಡ್ರೈವರಿನಿಂದಲೂ ಆಗಿರಬಹುದು ಎಂದರು. ಅಯಸ್ಕಾಂತ ತಂದದ್ದು ಲಾಗ್‌ಬುಕ್‌ನಲ್ಲಿ ಎಲ್ಲಿದೆ ಎಂದು ಜೂನ್ 12ರ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಬರೆಯದೇ ಇದ್ದದ್ದು ನಡೆದೇ ಇಲ್ಲ, ನಮ್ಮ ಲ್ಯಾಬಿನಲ್ಲಿ ಮೊದಲ ದಿನ ಕಲಿಸುವುದೇ ಇದು. ಮೂರು ವಾರ ಅವನ ಮೇಲೆ ದೂರು ಹೇಳಿದವಳು ಆದೇಶಕ್ಕೆ ಅರ್ಧ ಗಂಟೆ ಇರುವಾಗ ಹೀಗೆ ಬಂದರೆ ಏನೆಂದುಕೊಳ್ಳಲಿ, ಅವನೂ ಕನ್ನಡದವನು, ನಿಮ್ಮ ಜನ ಅಂತ ಯಾರಾದರೂ ಬಂದು ಹೇಳಿಕೊಟ್ಟರಾ ಎಂದೂ ಕೇಳಿದರು. ಆ ಮಾತಿಗೆ ಮೈ ಉರಿಯಿತು. ಅವತ್ತೇ ಬರೆದಿದ್ದೇನೆ, ತಾರೀಖು ಸಮೇತ ಇದೆ, ಆದರೆ ಬೇರೆ ಕಡೆ ಎಂದುಬಿಟ್ಟೆ.

ತರಲು ಹೇಳಿದರು. ಹಾಸ್ಟೆಲಿಗೆ ಓಡಿ ಈ ಪುಸ್ತಕ ತಂದೆ. ಪುಟ ತೆರೆದು ನೋಡಿದರೆ ಅವರಿಗೆ ಒಂದಕ್ಷರ ಗೊತ್ತಾಗಲಿಲ್ಲ. ನೀನೇ ಓದು, ಅರ್ಥ ಹೇಳುವುದು ಮಾತ್ರ ನೀನಲ್ಲ ಎಂದರು. ಕ್ಯಾಂಪಸ್ಸಿನಲ್ಲಿ ಕನ್ನಡ ಗೊತ್ತಿದ್ದವರು ಇನ್ನೊಬ್ಬರೇ. ಸ್ಟೋರಿನಲ್ಲಿ ಒಂದೊಂದೇ ಸ್ಪ್ಯಾನರು ಎಣಿಸಿ ಒಪ್ಪಿಸುತ್ತಿದ್ದ ಪಳನಿಯಣ್ಣನನ್ನು ಕರೆಸಿದರು. ಅಕ್ಷರ ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ ಎಂದು ಅವರು ಕೈಕಟ್ಟಿ ನಿಂತರು.

ಬ್ರಾಕೆಟ್ಟಿನಿಂದ ಬಿಲ್ಲೆಯವರೆಗೆ ಓದಿದೆ. ಅವರು ತಮಿಳಿನಲ್ಲಿ ಒಂದೂ ಬಿಡದೆ ಹೇಳಿದರು, ತಲೆಯಿಂದ ತುದಿಯವರೆಗೆ ಎರಡೆರಡು ಸಲ ಎಳೆದದ್ದು ಸೇರಿಸಿ. ಅಲ್ಲಿಗೆ ನಿಲ್ಲಿಸಿದೆ. ಕೆಳಗೆ ಇನ್ನೂ ಇದೆಯಲ್ಲ ಎಂದರು ಮೇಡಂ, ಅರ್ಧ ಪುಟ ಓದಿದರೆ ಅದು ಪುರಾವೆ ಅಲ್ಲ ಎಂದರು.

ಓದಿದೆ. ಹಲ್ಲು ಕಿರಿದ ಎಂದು ಓದಿದೆ, ವಾಸನೆ ಎಂದು ಓದಿದೆ, ಎಂಟು ಬೆರಳು ಎಂದು ಓದಿದೆ. ಪ್ರತಿ ವಾಕ್ಯವಾದ ಮೇಲೂ ಅವರು ಅದೇ ದನಿಯಲ್ಲಿ ತಮಿಳಿಗೆ ತಂದರು, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಬೆರಳಿನ ಮಾತು ಬಂದಾಗ ಎಡಗೈಯನ್ನು ಬಲಗೈಯ ಕೆಳಗೆ ಇಟ್ಟುಕೊಂಡರು. ಆಮೇಲೆ ಉಳಿದದ್ದು ಮೇಡಂ ಬಗ್ಗೆ ಬರೆದ ಸಾಲುಗಳು. ಡೆಲ್ಲಿಯವರ ಕಾಫಿ, ಬೇರೆಯವರ ದುಡಿಮೆ, ಇವರನ್ನು ಮೀರಿಸುವವರು ಹುಟ್ಟಿಲ್ಲ. ಕಣ್ಣೆತ್ತದೆ ಓದಿ ಮುಗಿಸಿದೆ. ನನ್ನ ಕತೆ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಪಳನಿಯಣ್ಣ ಅದೇ ದನಿಯಲ್ಲಿ ತಮಿಳಿಗೆ ತಂದು ಹೇಳಿದರು, ಮೇಡಂ ಬಾಗಿಲಿಗೆ ಬಂದು ವಿಚಾರಿಸಿದರು, ಹೊರಗಿನವರಿಗೆ ಕಾಫಿ ಕೊಡುವ ಕೆಲಸದ ನಡುವೆಯೂ ಬಂದರು, ಅವರಂತೆ ಇನ್ನೊಬ್ಬರಿಲ್ಲ ಎಂದು ಬರೆದಿದ್ದಾಳೆ.

ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಇವಳು ಅಷ್ಟುದ್ದ ಓದಿದಳು, ನೀವು ಹೇಳಿದ್ದು ಇಷ್ಟೇನಾ ಎಂದು ಕೇಳಿದರು.

ಮರ್ಯಾದೆಯ ಮಾತು ನಮ್ಮಲ್ಲಿ ಸ್ವಲ್ಪ ಉದ್ದ ಮೇಡಂ ಎಂದರು ಪಳನಿಯಣ್ಣ.

ಮೇಡಂ ನಂಬಿದರೋ ಬಿಟ್ಟರೋ ಗೊತ್ತಿಲ್ಲ. ತನ್ನನ್ನೇ ಇಷ್ಟು ಬೈದ ಪುಟವನ್ನು ಯಾರೂ ತನಗಾಗಿ ಬರೆಸಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿ ಆದೇಶದ ಮೇಲೆ ಅಡ್ಡಗೆರೆ ಎಳೆದರು. ಲಾಗ್‌ಬುಕ್‌ನಲ್ಲಿ ಜೂನ್ 12ರ ಕೆಳಗೆ ಕೆಂಪು ಶಾಯಿಯಲ್ಲಿ ನಡೆದದ್ದನ್ನು ನನ್ನ ಕೈಯಿಂದಲೇ ಬರೆಸಿದರು. ಅಕ್ಟೋಬರ್‌ವರೆಗೆ ಟೇಬಲ್ಲು ರಾಜ್‌ಕುಮಾರ್‌ಗೆ. ಸಮಿತಿಯ ಮುಂದೆ ಏನು ಹೇಳಬೇಕೋ ನೀನೇ ಹೇಳಿಕೋ ಎಂದರು. ಪುಸ್ತಕ ಒಂದು ರಾತ್ರಿ ಇಲ್ಲೇ ಇರಲಿ ಎಂದು ಇಟ್ಟುಕೊಂಡು, ಇವತ್ತು ಬೆಳಗ್ಗೆ ಕೊಟ್ಟರು. ಈ ಹೆಂಗಸನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಇವತ್ತು ಸಂಜೆ ವರ್ಕ್‌ಶಾಪಿನಲ್ಲಿ ಪಳನಿಯಣ್ಣನೂ ನಾನೂ ಇಪ್ಪತ್ತನಾಲ್ಕು ಬೋಲ್ಟುಗಳ ಅಯಸ್ಕಾಂತ ಇಳಿಸಿದೆವು. ಕರೆಂಟು ಹರಿಯುವ ಸುರುಳಿಯೊಳಗೆ ಒಂದೊಂದನ್ನೇ ತೂರಿಸಿ ನಿಧಾನವಾಗಿ ಹೊರಗೆಳೆಯುವುದು. ಅವರು ಎಳೆದರು, ನಾನು ಕಬ್ಬಿಣದ ಪುಡಿಯಲ್ಲಿ ಅದ್ದಿ ನೋಡಿದೆ. ಎಲ್ಲವೂ ಬರಿದಾಗಿ ಬಂದವು. ಇವನ್ನು ಬಿಗಿದು ಚಿತ್ರ ತೆಗೆಯುವವನು ರಾಜ್‌ಕುಮಾರ್, ನಾನಲ್ಲ. ಹೊಟ್ಟೆ ಉರಿಯುತ್ತದೆ.

ಆ ಪುಟದ್ದಕ್ಕೆ ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಸ್ವಿಚ್ಚು ಆರಿಸಿ, ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಬಸ್ಸಾಗೆ ಕುಂತಿದ್ವಲ್ಲ, ಆವತ್ತಿಂದೂ ಬರ್ದಿರ್ತೀಯ. ಅದನ್ನೂ ಓದು, ಕೇಳಾನ."

ಜುಲೈ 14 ತೆರೆದೆ. "ಫಿಟ್ಟರ್ ಕೇಳುವ ಪ್ರಶ್ನೆ" ಎಂದಿತ್ತು. ಅವರು ಲೇತಿಗೆ ಒರಗಿ ಕಾಯುತ್ತಿದ್ದರು. ಆ ಪುಟದ ಮೇಲೇ ಕಣ್ಣಿಟ್ಟು, ಅದರಲ್ಲಿ ಇಲ್ಲದ್ದನ್ನು ಓದಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ಉಂಡಾ ಎಂದು ಕೇಳಿ ಬಸ್ಸಿಗೆ ಹೊರಟರು. ಇನ್ನೂ ಇಲ್ಲ ಅಣ್ಣ ಎಂದೆ.

ಬರೆಯದೇ ಇದ್ದದ್ದು ನಡೆದೇ ಇಲ್ಲ. ಅದಕ್ಕೇ ಓದಿದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಜುಲೈ 14, ಸೋಮವಾರ. ಪಳನಿಯಣ್ಣ ಇವತ್ತು ಬಸ್ಸಿನಲ್ಲಿ, ಮೂರು ವರ್ಷದಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿದೆ.